ಆರ್ಲಿಂಗ್ಟನ್‌ನ ರನ್‌ಅವೇ ಮೈನ್ ಟ್ರೇನ್: ಕೊನೆಯ ಡಬ್ಬಿಯಲ್ಲೇ ಕೂರಿ

ಟೆಕ್ಸಾಸ್‌ನಲ್ಲಿರುವ ಮಗ, ಮಗಳ ಮನೆಗೆ ಬಂದವರು ಹಳೆಯ ರೋಲರ್ ಕೋಸ್ಟರ್ ರನ್‌ಅವೇ ಮೈನ್ ಟ್ರೇನ್ ಹತ್ತಲು ಸಿಕ್ಸ್ ಫ್ಲ್ಯಾಗ್ಸ್ ಓವರ್ ಟೆಕ್ಸಾಸ್ ಮನರಂಜನಾ ಪಾರ್ಕಿಗೆ ಬಸ್ಸಿನಲ್ಲಿ ಹೋಗುವ ಯೋಚನೆ ಬಿಟ್ಟುಬಿಡಿ. ಪಾರ್ಕ್ ಇರುವ ಆರ್ಲಿಂಗ್ಟನ್ ಡಲ್ಲಾಸ್, ಫೋರ್ಟ್ ವರ್ತ್‌ಗಳ ನಡುವಿನ ದೊಡ್ಡ ಊರು. ಆದರೂ ಅಲ್ಲಿ ನಿಗದಿತ ಮಾರ್ಗದ ಸಿಟಿ ಬಸ್ಸೇ ಇಲ್ಲ. ಆ ಎರಡು ಊರುಗಳ ನಡುವೆ ಓಡುವ ಟಿಆರ್‌ಇ ರೈಲಿನಲ್ಲಿ ಸೆಂಟರ್‌ಪೋರ್ಟ್ ನಿಲ್ದಾಣದವರೆಗೆ ಬಂದು, ಅಲ್ಲಿಂದ ನಗರದ ಆನ್-ಡಿಮ್ಯಾಂಡ್ ವ್ಯಾನನ್ನು ಆ್ಯಪ್‌ನಲ್ಲಿ ಕರೆಸಿಕೊಳ್ಳಬಹುದು. ಭಾನುವಾರ ಆ ರೈಲೂ ಸಾಮಾನ್ಯವಾಗಿ ಇರುವುದಿಲ್ಲ. ನಾಲ್ಕು ಜನರಿದ್ದರೆ ಕಾರೇ ಸರಿ, ಪಾರ್ಕಿಂಗ್ ಶುಲ್ಕ ಮಾತ್ರ ಪ್ರವೇಶ ಟಿಕೆಟ್ಟಿನಿಂದ ಬೇರೆ.

ಪಾರ್ಕಿನ ಬೂಮ್‌ಟೌನ್ ಭಾಗದ ರನ್‌ಅವೇ ಮೈನ್ ಟ್ರೇನ್ 1966ರದು. ಆರೋ ಡೆವಲಪ್‌ಮೆಂಟ್ ಕಂಪನಿ ಕಟ್ಟಿದ, ಜಗತ್ತಿನ ಮೊದಲ ಮೈನ್ ಟ್ರೇನ್ ಕೋಸ್ಟರ್, ಅಂದರೆ ಗಣಿಯ ರೈಲಿನ ರೂಪದ ಕೋಸ್ಟರ್. ಎತ್ತರ ಬರೀ 35 ಅಡಿ, ವೇಗ ಗಂಟೆಗೆ 35 ಮೈಲಿ. ಅದೇ ಪಾರ್ಕಿನ 245 ಅಡಿಯ ಟೈಟನ್ ಕೋಸ್ಟರ್ ನೋಡಿದ ಕಣ್ಣಿಗೆ ಇದು ಮಕ್ಕಳಾಟದಂತೆ ಕಾಣುತ್ತದೆ. ಅದನ್ನು ನಂಬಬೇಡಿ.

ಒಟ್ಟು ಮೂರು ಏರು, ಮೂರಕ್ಕೂ ಸರಪಳಿ. ಏರುವಾಗಿನ ಕಟಕಟ ಸದ್ದು ಗಾಡಿ ಹಿಂದಕ್ಕೆ ಜಾರದಂತೆ ಹಿಡಿಯುವ ಕೊಕ್ಕೆಯದು. ಏರಿನ ನಡುವೆ ಗಾಡಿ ನಿಂತುಬಿಟ್ಟರೆ ಗಾಬರಿ ಬೇಡ. ಮುಂದಿನ ಗಾಡಿ ಇನ್ನೂ ದಾರಿ ಬಿಡದಿದ್ದಾಗ ಹಿಂದಿನದನ್ನು ತಡೆದಿಡುವ ಜಾಗವೇ ಈ ಏರುಗಳು.

ತೊಂದರೆ ಇರುವುದು ತಿರುವುಗಳಲ್ಲಿ. ಈಗಿನ ಕೋಸ್ಟರ್‌ಗಳ ಹಳಿ ತಿರುವಿಗೆ ಮುಂಚೆಯೇ ನಿಧಾನವಾಗಿ ಓರೆಯಾಗುತ್ತದೆ. ಆ ಕಾಲದ ಹಳಿಯಲ್ಲಿ ತಿರುವು ಥಟ್ಟನೆ ಶುರುವಾಗಿ ಥಟ್ಟನೆ ಮುಗಿಯುತ್ತದೆ. ಎಡಕ್ಕೆ ತಿರುಗಿದರೆ ಮೈ ಬಲಕ್ಕೆ ಬಿದ್ದು ಪಕ್ಕೆ ಡಬ್ಬಿಯ ಅಂಚಿಗೆ ತಾಗುತ್ತದೆ. ಎರಡೂ ಪಾದ ಊರಿ, ಬೆನ್ನು ಒರಗಿಸಿ, ಮೊಣಕೈ ಒಳಗಿಟ್ಟುಕೊಳ್ಳಿ. ಕೀ ಗೊಂಚಲನ್ನು ಪಕ್ಕದ ಜೇಬಿನಲ್ಲಿ ಇಡಬೇಡಿ. ಕತ್ತು, ಸೊಂಟದ ನೋವಿರುವ ಹಿರಿಯರನ್ನು 'ಸ್ಪೀಡೇ ಇಲ್ಲ' ಎಂದು ಒಪ್ಪಿಸಿ ಕೂರಿಸುವುದು ಖಂಡಿತ ತಪ್ಪು.

ಇನ್ನು ಸೀಟು. ಮುಂದಿನ ಡಬ್ಬಿ ತುದಿ ದಾಟಿದಾಗ ಹಿಂದಿನವು ಇನ್ನೂ ಏರಿನ ಮೇಲಿರುವುದರಿಂದ ಅದು ಮೆಲ್ಲಗೆ ಜಾರುತ್ತದೆ. ಕೊನೆಯ ಡಬ್ಬಿಯ ಸರದಿ ಬರುವಷ್ಟರಲ್ಲಿ ಉಳಿದವೆಲ್ಲ ಕೆಳಗಿನಿಂದ ಎಳೆಯುತ್ತಿರುತ್ತವೆ, ಕೂತವರು ಸೀಟಿನಿಂದ ಮೇಲೇಳುತ್ತಾರೆ. ಮೂರನೆಯ ಏರಿನ ನಂತರ ಗಾಡಿ ಕಟ್ಟಡವೊಂದರೊಳಗೆ ನುಗ್ಗಿ, ಅಲ್ಲಿಂದ ನೇರ ಕೆರೆಯಡಿಯ ಸುರಂಗಕ್ಕೆ ಧುಮುಕುತ್ತದೆ. ಬಿಸಿಲಿನಿಂದ ಒಮ್ಮೆಲೇ ಕತ್ತಲಿಗೆ! ಕೊನೆಯ ಡಬ್ಬಿಗೆ ಇನ್ನೊಂದು ಗಾಡಿ ಬರುವವರೆಗೆ ಕಾದರೂ ನಷ್ಟವಿಲ್ಲ.

ಜುಲೈ, ಆಗಸ್ಟ್‌ನಲ್ಲಿ ಬಿಸಿಲು 38 ಡಿಗ್ರಿ ದಾಟುವುದು ಮಾಮೂಲು. ಗೇಟು ತೆರೆದ ಮೊದಲ ಗಂಟೆಯಲ್ಲೇ ಹತ್ತಿಬಿಡಿ. ಗುಡುಗು ಮಿಂಚು ಬಂದರೆ ಕೋಸ್ಟರ್ ನಿಲ್ಲಿಸುತ್ತಾರೆ. ಅಕ್ಟೋಬರ್ ವಾರಾಂತ್ಯದ ಹ್ಯಾಲೋವೀನ್ ಜಾತ್ರೆಗೆ ಹೋಗಲೇಬೇಡಿ.

ಸಸ್ಯಾಹಾರಿಗಳು ಪಾರ್ಕಿನೊಳಗೆ ಫ್ರೈಸ್, ಚೀಸ್ ಪಿಜ್ಜಾಕ್ಕೆ ದುಡ್ಡು ಸುರಿಯುವ ಬದಲು ಹಸಿವು ಉಳಿಸಿಕೊಂಡು ಹತ್ತಿರದ ಇರ್ವಿಂಗ್ ಊರಿಗೆ ಹೋಗಿ. ಅಲ್ಲಿನ ಮ್ಯಾಕ್‌ಆರ್ಥರ್ ಬೌಲೆವಾರ್ಡ್ ಸುತ್ತಮುತ್ತ ದಕ್ಷಿಣ ಭಾರತದ ಹೋಟೆಲ್‌ಗಳು ಬೇಕಾದಷ್ಟಿವೆ. ಬಫೆ ಬೇಡ, ಬಿಸಿಲಲ್ಲಿ ಬಳಲಿದ ಹೊಟ್ಟೆಗೆ ಬಿಸಿ ಇಡ್ಲಿ, ಮೇಲೆ ಸುರಿದ ಸಾಂಬಾರ್, ಆಮೇಲೊಂದು ಮಸಾಲೆ ದೋಸೆ, ಕೊನೆಗೆ ಫಿಲ್ಟರ್ ಕಾಫಿ. ಪಾರ್ಕಿನ ಒಂದು ಊಟಕ್ಕಿಂತ ಇಷ್ಟೂ ಹಿತ. ಕೆಲವು ಹೋಟೆಲ್‌ಗಳು ಮಧ್ಯಾಹ್ನದ ಊಟ ಮುಗಿಸಿ ಸಂಜೆಯವರೆಗೆ ಬಾಗಿಲು ಹಾಕುತ್ತವೆ, ಹೊರಡುವ ಮುಂಚೆ ಫೋನ್ ಮಾಡಿ.