ಕಿಕ್ ಬದಲಾದ ಬಗೆ

ಇವತ್ತು ಸಂಜೆಯಿಂದ ಹಾರ್ಡ್‌ಕೋರ್ ಎಂಬ ಅತಿವೇಗದ ಎಲೆಕ್ಟ್ರಾನಿಕ್ ನೃತ್ಯಸಂಗೀತದ ಸಂಕಲನಗಳನ್ನೇ ಕೇಳುತ್ತಿದ್ದೇನೆ. ನೆದರ್ಲೆಂಡ್ಸ್‌ನಲ್ಲಿ 1993ರಿಂದ ಬಂದ ಥಂಡರ್‌ಡೋಮ್ ಸಂಕಲನ ಸಿಡಿಗಳ ಗ್ಯಾಬರ್‌ನಲ್ಲಿ (ಹಾರ್ಡ್‌ಕೋರ್‌ನ ಒರಟು ಡಚ್ ಬಗೆ) ರೋಲ್ಯಾಂಡ್ ಟಿಆರ್-909 ಡ್ರಮ್ ಯಂತ್ರದ ಕಿಕ್ಕನ್ನು, ಅಂದರೆ ತಾಳ ಹಿಡಿಯುವ ದಪ್ಪ ಡ್ರಮ್ ಏಟನ್ನು, ಬೇಕೆಂದೇ ಧ್ವನಿಮಟ್ಟದ ಮಿತಿ ಮೀರಿಸಿ ಒಡೆದಿರುತ್ತಾರೆ. ಹಾಗೆ ಒಡೆದ ಸದ್ದಿನೊಳಗೆ ಒಂದು ಸ್ವರವೂ ಹುಟ್ಟಿಕೊಂಡು, ತಾಳವೇ ರಾಗದ ಕೆಲಸವನ್ನೂ ಮಾಡುತ್ತದೆ. ಅದೇ ದಶಕದ ಬ್ರಿಟಿಷ್ ಹ್ಯಾಪಿ ಹಾರ್ಡ್‌ಕೋರ್ ಸಂಕಲನಗಳಲ್ಲಾದರೆ ಪಿಯಾನೊ, ವೇಗ ಹೆಚ್ಚಿಸಿದ ಹೆಣ್ಣುದನಿ. 2000ದ ಹೊತ್ತಿಗೆ ಗ್ಯಾಬರ್‌ನ ಓಟ ತಗ್ಗಿತು, ಕಿಕ್ ದಪ್ಪವಾಯಿತು, ನಡುವೆ ಉದ್ದನೆಯ ಮಧುರ ಭಾಗಗಳು ಬಂದವು. ಈಗಿನ ಧ್ವನಿ ಎಷ್ಟೋ ಸ್ಪಷ್ಟ, ಒಪ್ಪುತ್ತೇನೆ. ಆದರೂ ನನ್ನ ಮನಸ್ಸು ವಾಲುವುದು ಆ ಹಳೆಯ ಒರಟುತನದ ಕಡೆಗೇ. ಒಂದೇ ಸಿಡಿಯಲ್ಲಿ ಹಾಡಿನಿಂದ ಹಾಡಿಗೆ ಕಿಕ್ಕಿನ ಬಣ್ಣವೇ ಬೇರೆ. ಯಾರು ಮಾಡಿದ್ದೆಂದು ನಾಲ್ಕು ಏಟಿಗೇ ಗೊತ್ತಾಗಿಬಿಡುತ್ತದೆ.