ಕೆಓಎಚ್ ಡಬ್ಬಿಯೊಳಗಿನ ಕಬ್ಬಿಣ

ನೀರನ್ನು ಒಡೆದು ಹೈಡ್ರೋಜನ್ ತೆಗೆಯುವಾಗ ಜಾಸ್ತಿ ಕಾಟ ಕೊಡುವುದು ಆಕ್ಸಿಜನ್. ಅದರ ಒಂದು ಅಣು ಹೊರಬರಲು ನಾಲ್ಕು ಎಲೆಕ್ಟ್ರಾನ್ ಸಾಗಬೇಕು. ಲೆಕ್ಕಕ್ಕೆ 1.23 ವೋಲ್ಟ್ ಸಾಕು, ಕೊಡಬೇಕಾದದ್ದು ಅದಕ್ಕಿಂತ ಜಾಸ್ತಿ. ಇರಿಡಿಯಂ ಎಂಬ ಲೋಹವನ್ನು ಕ್ಯಾಟಲಿಸ್ಟ್ ಆಗಿ, ಅಂದರೆ ತಾನು ಖರ್ಚಾಗದೆ ಕ್ರಿಯೆಯನ್ನು ಚುರುಕು ಮಾಡುವ ವಸ್ತುವಾಗಿ, ಹಾಕಿದರೆ ಕೆಲಸ ಸಲೀಸು. ಆದರೆ ಇಡೀ ಜಗತ್ತಿನಲ್ಲಿ ಅದು ವರ್ಷಕ್ಕೆ 10 ಟನ್ ಕೂಡ ಸಿಗುವುದಿಲ್ಲ. ಹಾಗಾಗಿ ನಮ್ಮ ಲ್ಯಾಬಿನವರೆಲ್ಲ ನಿಕ್ಕಲ್ ಹಿಂದೆ ಬಿದ್ದಿದ್ದೆವು.

ಆವತ್ತು ನಿಕ್ಕಲ್ ಹೈಡ್ರಾಕ್ಸೈಡ್ ಕೂರಿಸಿದ ಎಲೆಕ್ಟ್ರೋಡನ್ನು ಕೆಓಎಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ದ್ರಾವಣಕ್ಕೆ ಇಳಿಸಿ, ರನ್ ಹಾಕಿ ಟೀಗೆ ಹೋದೆ. ಬಂದು ನೋಡಿದರೆ ಕರೆಂಟ್ ಏರಿದೆ. ಕ್ಯಾಟಲಿಸ್ಟ್ ಬಳಸಿದಷ್ಟೂ ಸೊರಗಬೇಕು, ಅಲ್ವಾ? ಇದು ಊಟದ ಹೊತ್ತಿಗೆ ಇನ್ನೂ ಚುರುಕಾಗಿತ್ತು. ಕಪ್ಪಾದ ಎಲೆಕ್ಟ್ರೋಡಿನ ಮೈತುಂಬಾ ಗುಳ್ಳೆ. ಆಗಾಗ ಸೆಲ್ಲನ್ನು ಬೆರಳಲ್ಲಿ ತಟ್ಟಿ ಉದುರಿಸಬೇಕಿತ್ತು.

ಪಕ್ಕದ ಬೆಂಚಿನ ಸೀನಿಯರ್ ಅಕ್ಕ ಸ್ಕ್ರೀನಿನಲ್ಲಿ ವೋಲ್ಟೇಜಿಗೆ ತಕ್ಕಂತೆ ಕರೆಂಟ್ ತೋರಿಸುವ ಗೆರೆ ನೋಡಿ, "ನಿಕ್ಕಲ್ ಪೀಕ್ ಬಲಕ್ಕೆ ಸರಿದಿದೆ ನೋಡೋ. ಕಬ್ಬಿಣ ಸೇರ್ಕೊಂಡಿದೆ," ಎಂದರು.

"ನಾನು ಕಬ್ಬಿಣ ಹಾಕೇ ಇಲ್ವಲ್ಲ ಅಕ್ಕ?"

"ನೀನು ಹಾಕಿಲ್ಲ. ಕೆಓಎಚ್ ಡಬ್ಬಿಲಿ ಬಂದಿದೆ."

ಲೇಬಲ್ಲಿನಲ್ಲೇ ಇತ್ತು, ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಪಾಲು) ಲೆಕ್ಕದಲ್ಲಿ. ಅಷ್ಟು ಕಬ್ಬಿಣವೇ ನಿಕ್ಕಲ್ ಪದರಕ್ಕೆ ಇಳಿದು ಆಕ್ಸಿಜನ್ ಹೊರಡಿಸುತ್ತದೆ. ಇದನ್ನು ಸಂಶೋಧಕ ಡೆನಿಸ್ ಕಾರಿಗನ್ 1987ರಲ್ಲೇ ಬರೆದಿದ್ದಾರೆ. ನಿಕ್ಕಲ್ ಬ್ಯಾಟರಿ ಮಾಡುವವರಿಗೆ ಇದೇ ಕಬ್ಬಿಣ ತಲೆನೋವು: ಚಾರ್ಜ್ ಆಗಬೇಕಾದ ಕರೆಂಟ್ ಆಕ್ಸಿಜನ್ ಆಗಿ ಹಾರಿಹೋಗುತ್ತದೆ.

ಮಧ್ಯಾಹ್ನ ಕೆಓಎಚ್ ತೊಳೆಯಲು, ಅಂದರೆ ಅದರೊಳಗಿನ ಕಬ್ಬಿಣ ತೆಗೆಯಲು, ಕೂತೆವು. ಶುದ್ಧ ನಿಕ್ಕಲ್ ನೈಟ್ರೇಟಿನಿಂದ ತಿಳಿಹಸಿರು ಹೈಡ್ರಾಕ್ಸೈಡ್ ಗಸಿ ಮಾಡಿ, ತೊಳೆದು, ಕೆಓಎಚ್ ಜೊತೆ ಚೆನ್ನಾಗಿ ಕುಲುಕಿದರೆ ಗಸಿ ಕಬ್ಬಿಣವನ್ನು ಹೀರಿಕೊಳ್ಳುತ್ತದೆ. ಆಮೇಲೆ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಮೇಲಿನ ತಿಳಿಯನ್ನು ಬಗ್ಗಿಸಿಕೊಳ್ಳಬೇಕು. ಎಲ್ಲ ಪ್ಲಾಸ್ಟಿಕ್ಕಿನಲ್ಲೇ. ಗಾಜನ್ನು ಕೆಓಎಚ್ ಕೊರೆಯುತ್ತದೆ, ಅಲ್ಲಿಂದಲೂ ಕಬ್ಬಿಣ ಇಳಿಯುತ್ತದೆ.

ಸಂಜೆ ಆ ತಿಳಿಯಲ್ಲಿ ಹೊಸ ಎಲೆಕ್ಟ್ರೋಡ್ ಇಳಿಸಿದೆ. ಗುಳ್ಳೆಯೇ ಇಲ್ಲ ಅನ್ನಬೇಕು. ಅಕ್ಕ ಪಿಪೆಟ್ಟಿನಲ್ಲಿ ಒಂದು ತೊಟ್ಟು ಕಬ್ಬಿಣದ ನೈಟ್ರೇಟ್ ಬಿಟ್ಟರು. ವೋಲ್ಟೇಜ್ ಏರಿಸಿ ಇಳಿಸುವ ಮುಂದಿನ ಸುತ್ತುಗಳಲ್ಲಿ ಕರೆಂಟಿನ ಗೆರೆ ಮೇಲೇಳುತ್ತಾ ಬಂತು. ಸೂಪರ್!

ಈಗ ಯಾರಾದರೂ ಬರೀ ನಿಕ್ಕಲ್ ಕ್ಯಾಟಲಿಸ್ಟ್ ಅಂತ ಪೇಪರ್ ಬರೆದರೆ, ನಾನು ಮೊದಲು ಹುಡುಕುವುದು ಕೆಓಎಚ್ ತೊಳೆದಿದ್ದಾರಾ ಅಂತ. ಬಾಳಿಕೆಯ ಟೆಸ್ಟಿಗಂತೂ ಇದು ಮುಖ್ಯ. ತೊಳೆದ ದ್ರಾವಣದಲ್ಲಿ ಓಡಿಸಿದರೆ ಪದರದ ಕಬ್ಬಿಣ ಮೆಲ್ಲಗೆ ಕರಗಿ ಹೋಗುತ್ತದೆ, ಕರೆಂಟೂ ಇಳಿಯುತ್ತದೆ. ಹೊರಗೆ ಚೂರು ಕಬ್ಬಿಣ ಇದ್ದರೆ ಹೋದ ಜಾಗಕ್ಕೆ ಮತ್ತೆ ಬಂದು ಕೂರುತ್ತದೆ. ಆ ಚೂರು ಅಂದರೆ ಎಷ್ಟು ಅನ್ನುವುದನ್ನೇ ಈಗ ಅಳೆಯುತ್ತಿದ್ದೇನೆ.