ಆಯುಧಪೂಜೆ ಮುಗಿದ ಮೇಲೆ ಏಳದ ಕಂಪ್ಯೂಟರ್

2018ರ ದಸರಾ ರಜೆ ಮುಗಿದ ಮಾರನೇ ಬೆಳಿಗ್ಗೆ ಫೋನ್ ಬಂತು. ಅರಸೀಕೆರೆಯ ಒಂದು ಸಣ್ಣ ಪ್ರೆಸ್ಸಿನವರು. ಲಗ್ನಪತ್ರಿಕೆ, ಬಿಲ್ ಬುಕ್, ಕರಪತ್ರ ಅಚ್ಚು ಹಾಕುವ ಜಾಗ. ‘ಸಾರ್, ಸಿಸ್ಟಮ್ ಆನ್ ಆಗುತ್ತೆ, ವಿಂಡೋಸ್ ಗುರುತು ಬರುತ್ತೆ, ಅಷ್ಟರಲ್ಲೇ ನೀಲಿ ಏನೋ ಮಿಂಚಿ ಮತ್ತೆ ಮೊದಲಿಂದ ಶುರುವಾಗುತ್ತೆ. ಸಂಜೆ ಒಳಗೆ ಎರಡು ಲಗ್ನಪತ್ರಿಕೆ ಕೊಡಬೇಕು’ ಅಂದರು.

ಹೋಗಿ ನೋಡಿದರೆ ಕ್ಯಾಬಿನೆಟ್ ಮೇಲೆ ಕುಂಕುಮ, ಒಣಗಿದ ಸೇವಂತಿಗೆ ಹಾಗೇ ಇತ್ತು. ಪಕ್ಕದ ಅಂಗಡಿಯವರು ಆಗಲೇ ನೋಡಿ ‘ಫಾರ್ಮ್ಯಾಟ್ ಹೊಡೆದುಬಿಡಿ’ ಅಂದಿದ್ದರಂತೆ. ಯಜಮಾನರು ಒಪ್ಪಿರಲಿಲ್ಲ. ಅವರು ಒಪ್ಪದೇ ಇದ್ದದ್ದೇ ಒಳ್ಳೇದಾಯ್ತು. ಏಳು ವರ್ಷದ ಪೇಜ್‌ಮೇಕರ್ ಫೈಲುಗಳು ಅದರಲ್ಲಿದ್ದವು, ಅರ್ಧ ಡೆಸ್ಕ್‌ಟಾಪ್ ಮೇಲೇ. ಎಲ್ಲ ಹಳೆಯ ನುಡಿ ಫಾಂಟಿನವು, ಎಲ್ಲ ಕಂಪ್ಯೂಟರಿನಲ್ಲೂ ಓದಲು ಬರುವ ಯೂನಿಕೋಡ್ ಅಲ್ಲ. ಒಂದು ಫಾಂಟ್ ತಪ್ಪಿದರೂ ಗಂಡಿನ ಹೆಸರು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕೂರುತ್ತದೆ.

ಮೊದಲು ಆ ಮಿಂಚಿ ಹೋಗುವ ನೀಲಿ ಪರದೆ ಓದಬೇಕಿತ್ತು. ಎಫ್8 ಒತ್ತಿ, ತಪ್ಪು ಬಂದಾಗ ತಾನೇ ರೀಸ್ಟಾರ್ಟ್ ಆಗುವುದನ್ನು ನಿಲ್ಲಿಸಿದೆ. ಪರದೆ ನಿಂತಿತು. ಸ್ಟಾಪ್ ಸಂಖ್ಯೆ, ಸೊನ್ನೆಗಳ ಸಾಲಿನ ಕೊನೆಯಲ್ಲಿ 7ಬಿ. ಅಂದರೆ ವಿಂಡೋಸ್ ತಾನು ಕೂತಿರುವ ಡಿಸ್ಕನ್ನೇ ಮುಟ್ಟಲಾಗುತ್ತಿಲ್ಲ.

ತೀರಾ ಬೇಕಾದಷ್ಟನ್ನೇ ಹಾಕಿಕೊಂಡು ಏಳುವ ಸೇಫ್ ಮೋಡ್ ಹಾಕಿದೆ. ಕಡತಗಳ ಹೆಸರು ಸರಸರ ಇಳಿದು ಬಂದು ‘ಕ್ಲಾಸ್‌ಪಿಎನ್‌ಪಿ’ ಅನ್ನುವಲ್ಲಿ ನಿಂತವು. ಇಲ್ಲೇ ನಾನು ಮುಕ್ಕಾಲು ಗಂಟೆ ಕಳೆದುಕೊಂಡೆ. ಕೊನೆಗೆ ಕಂಡ ಹೆಸರೇ ಕಳ್ಳ ಅಂತ ಆ ಕಡತವನ್ನು ಬೇರೆ ಕಡೆಯಿಂದ ತಂದು ಹಾಕಿದೆ, ರಿಪೇರಿ ಎರಡು ಸಲ ಓಡಿಸಿದೆ. ಏನೂ ಆಗಲಿಲ್ಲ. ಆ ಪಟ್ಟಿಯಲ್ಲಿ ಕಾಣುವುದು ಸರಿಯಾಗಿ ಮೆಮೊರಿಗೆ ಬಂದವರ ಹೆಸರು. ತೊಂದರೆ ಇರುವುದು ಅದರ ನಂತರದ ಹೆಜ್ಜೆಯಲ್ಲಿ.

ಡಿಸ್ಕೇ ಹೋಗಿದೆಯಾ ಅಂತ ಪೆನ್‌ಡ್ರೈವಿನಿಂದ ವಿಂಡೋಸಿನ ಬದಲು ಓಡುವ ಉಬುಂಟು ಬೂಟ್ ಮಾಡಿದೆ. ಎಲ್ಲ ಫೋಲ್ಡರೂ ತೆರೆದುಕೊಂಡವು. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲೂ ಕೆಟ್ಟ ಸೆಕ್ಟರ್ ಒಂದೂ ಇರಲಿಲ್ಲ. ಮೊದಲ ಕೆಲಸವಾಗಿ ಫೈಲುಗಳನ್ನು, ಫಾಂಟ್ ಫೋಲ್ಡರನ್ನು ನನ್ನ ಡಿಸ್ಕಿಗೆ ಕಾಪಿ ಹಾಕಿದೆ. ಯಜಮಾನರ ಮುಖಕ್ಕೆ ಸ್ವಲ್ಪ ಜೀವ ಬಂತು, ನನಗೂ ಉಸಿರು ಬಂತು.

ಡಿಸ್ಕ್ ಚೆನ್ನಾಗಿದೆ, ಉಬುಂಟುಗೆ ಕಾಣುತ್ತದೆ, ವಿಂಡೋಸ್‌ಗೆ ಮಾತ್ರ ಕಾಣುತ್ತಿಲ್ಲ. ಹಾಗಾದರೆ ತೊಂದರೆ ಕಂಟ್ರೋಲರ್ ಡ್ರೈವರಿನದೇ, ಅಂದರೆ ವಿಂಡೋಸ್ ಡಿಸ್ಕ್ ಜೊತೆ ಮಾತಾಡಲು ಬಳಸುವ ತಂತ್ರಾಂಶದ್ದು. ಆದರೆ ಮೂರು ದಿನದ ಹಿಂದೆ ಸರಿಯಿದ್ದದ್ದು ಸುಮ್ನೆ ಯಾಕೆ ಕೆಡುತ್ತದೆ? ಟೀ ಕುಡಿಯುತ್ತಾ ಡಿಟಿಪಿ ಮಾಡುವ ಹುಡುಗಿಯನ್ನು ಕೇಳಿದೆ. ‘ಬೆಳಿಗ್ಗೆ ಆನ್ ಮಾಡಿದಾಗ ಬೇರೆ ಏನಾದ್ರೂ ಬಂತೇನಮ್ಮಾ?’

‘ಏನಿಲ್ಲ ಸರ್, ಕಪ್ಪು ಪರದೆ ಮೇಲೆ ಎಫ್1 ಒತ್ತಿ ಅಂತ ಬಂತು. ಒತ್ತಿದೆ.’

ಟೀ ಲೋಟ ಅಲ್ಲೇ ಇಟ್ಟು, ವಿಂಡೋಸಿಗೂ ಮೊದಲು ಏಳುವ, ಮದರ್‌ಬೋರ್ಡಿನಲ್ಲೇ ಕೂತಿರುವ ಬಯಾಸ್ ತೆರೆದೆ. ತಾರೀಕು 2011, ಜನವರಿ 1. ಗಂಟೆ 2:10. ಗೋಡೆ ಗಡಿಯಾರದಲ್ಲಿ ಹನ್ನೊಂದೂ ಹತ್ತು. ಪ್ರೆಸ್ಸಿನ ಬಾಗಿಲು ತೆಗೆದು ಮೇನ್ ಸ್ವಿಚ್ ಹಾಕಿದ್ದು ಒಂಬತ್ತಕ್ಕೆ. ಕರೆಂಟ್ ಬಂದ ಗಳಿಗೆಯಿಂದ ಆ ಗಡಿಯಾರ ಸೊನ್ನೆಯಿಂದ ಎಣಿಸುತ್ತಾ ಕೂತಿತ್ತು.

ಪೂಜೆ ಮುಗಿಸಿ ಮೇನ್ ಆಫ್ ಮಾಡಿಕೊಂಡು ಹೋಗಿದ್ದರು. ಪ್ಲಗ್ಗಿನಲ್ಲಿ ಕರೆಂಟ್ ಇರುವ ತನಕ ಬಯಾಸ್ ನೆನಪಿಗೆ ಅದೇ ಸಾಕು. ಕರೆಂಟ್ ಇಲ್ಲದಾಗ ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಸೆಲ್ ಕಾಯಬೇಕು. ಏಳು ವರ್ಷದ ಸೆಲ್ ಕಾಯಲಿಲ್ಲ. ಬಯಾಸ್ ಎಲ್ಲ ಮರೆತು ಕಂಪನಿಯ ಮೂಲ ಸೆಟ್ಟಿಂಗ್‌ಗೆ ಹೋಯಿತು. ಅದರಲ್ಲಿ ಸಾಟಾ ಮೋಡ್, ಅಂದರೆ ಡಿಸ್ಕಿನ ಜೊತೆ ಮಾತಾಡುವ ರೀತಿ, ಎಎಚ್‌ಸಿಐ. ವಿಂಡೋಸ್ 7 ಹಾಕುವಾಗ ಯಾರೋ ಅದನ್ನು ಹಳೇ ರೀತಿಯಾದ ಐಡಿಇ ಅಂತ ಬದಲಾಯಿಸಿಟ್ಟಿದ್ದರು. ಎಕ್ಸ್‌ಪಿ ಕಾಲದ ಅಭ್ಯಾಸ ಅದು. ಎಕ್ಸ್‌ಪಿ ಸಿಡಿಯಲ್ಲಿ ಎಎಚ್‌ಸಿಐ ಡ್ರೈವರ್ ಇರುತ್ತಿರಲಿಲ್ಲ, ಎಫ್6 ಒತ್ತಿ ಫ್ಲಾಪಿಯಿಂದ ಕೊಡಬೇಕಿತ್ತು. ಫ್ಲಾಪಿ ಗೋಳು ಯಾರಿಗೆ ಬೇಕು ಅಂತ ನಾವೆಲ್ಲ ಐಡಿಇಗೇ ಇಡುತ್ತಿದ್ದೆವು.

ಬೂಟ್ ಆಗುವ ರೀತಿ ನನಗೆ ಈಗಲೂ ಬೆರಗು. ಡ್ರೈವರ್ ಇರುವುದು ಡಿಸ್ಕಿನಲ್ಲಿ, ಡಿಸ್ಕ್ ಓದೋಕೆ ಡ್ರೈವರ್ ಬೇಕು. ಈ ಗಂಟು ಬಿಡಿಸುವುದು ಬಯಾಸ್. ಶುರುವಿನಲ್ಲಿ ವಿಂಡೋಸ್ ಬಯಾಸ್ ಸಹಾಯದಿಂದ ತನ್ನ ತಿರುಳಾದ ಕರ್ನಲ್ಲನ್ನೂ ಬೂಟಿಗೆ ಬೇಕಾದ ಡ್ರೈವರುಗಳನ್ನೂ ಮೆಮೊರಿಗೆ ಎಳೆದುಕೊಳ್ಳುತ್ತದೆ. ಆಮೇಲೆ ಬಯಾಸ್ ಕೈ ಬಿಟ್ಟು ವಿಂಡೋಸ್ ಸ್ವಂತ ಡ್ರೈವರಿನಿಂದ ಡಿಸ್ಕ್ ಮಾತಾಡಿಸಬೇಕು. ಯಾವ ಡ್ರೈವರ್ ಮೊದಲೇ ಬರಬೇಕು ಅನ್ನುವುದು ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ರಿಜಿಸ್ಟ್ರಿಯ ‘ಸ್ಟಾರ್ಟ್’ ಅನ್ನುವ ಒಂದು ಅಂಕಿಯಲ್ಲಿದೆ. 0 ಅಂದರೆ ಬೂಟಿನಲ್ಲೇ ಬಾ. 3 ಅಂದರೆ ಕರೆದಾಗ ಬಾ. ಐಡಿಇ ಮೋಡಿನಲ್ಲಿ ವಿಂಡೋಸ್ 7 ಹಾಕಿದ್ದರೆ ಎಎಚ್‌ಸಿಐ ಡ್ರೈವರಿನ ಅಂಕಿ 3. ಈಗ ಬೇಕಾಗಿದ್ದ ಡ್ರೈವರ್ ಡಿಸ್ಕಿನಲ್ಲೇ ಇತ್ತು, ಕರೆಯುವವರಿಲ್ಲ. ಕೈಬಿಟ್ಟ ಜಾಗದಲ್ಲಿ 7ಬಿ.

ಬಯಾಸಿನಲ್ಲಿ ಐಡಿಇಗೆ ಬದಲಾಯಿಸಿ, ತಾರೀಕು ಸರಿ ಮಾಡಿ ಉಳಿಸಿದೆ. ಎರಡು ನಿಮಿಷಕ್ಕೆ ಡೆಸ್ಕ್‌ಟಾಪ್ ಬಂತು. ಹುಡುಗಿ ಪ್ರೂಫ್ ತೆಗೆಯಲು ಕೂತಳು. ಮಧ್ಯಾಹ್ನ ಯಾರೂ ಮೇನ್ ಮುಟ್ಟಬೇಡಿ ಅಂತ ಹೇಳಿ ಬಂದೆ.

ಇಷ್ಟಕ್ಕೇ ಬಿಡಬಹುದಿತ್ತು, ಆದರೆ ನನಗೆ ಸಮಾಧಾನ ಇರಲಿಲ್ಲ. ಸೆಲ್ ಬದಲಾಯಿಸಿದರೂ ಇನ್ನೊಂದಷ್ಟು ವರ್ಷಕ್ಕೆ ಮತ್ತೆ ಸಾಯುತ್ತದೆ, ಅದೂ ಲಗ್ನದ ಸೀಸನ್ನಿನಲ್ಲೇ. ಬಯಾಸ್ ಮರೆತರೂ ಏಳುವ ಹಾಗೆ ಮಾಡಬೇಕು. ಸಂಜೆ ಪತ್ರಿಕೆಗಳು ಹೋದ ಮೇಲೆ ವಾಪಸ್ ಹೋಗಿ ರಿಜಿಸ್ಟ್ರಿ ತೆರೆದು ಎಂಎಸ್‌ಎಎಚ್‌ಸಿಐ ಅನ್ನುವ ಆ ಡ್ರೈವರಿನ ಸ್ಟಾರ್ಟ್ ಅಂಕಿಯನ್ನು 3ರಿಂದ 0 ಮಾಡಿದೆ. ಬಯಾಸಿನಲ್ಲಿ ಎಎಚ್‌ಸಿಐ ಹಾಕಿದೆ. ವಿಂಡೋಸ್ ಎದ್ದು, ಹೊಸ ಡ್ರೈವರ್ ಕೂರಿಸಿಕೊಂಡು, ಒಂದು ರೀಸ್ಟಾರ್ಟ್ ಕೇಳಿತು. ಕೊಟ್ಟೆ.

ಆಮೇಲೆ ಪ್ಲಗ್ ಕಿತ್ತು, ಕ್ಯಾಬಿನೆಟ್ ಬಿಚ್ಚಿ, ಹಳೇ ಸಿಆರ್2032 ಸೆಲ್ ತೆಗೆದೆ. ಹೊಸದನ್ನು ಹಾಕದೆ ಐದು ನಿಮಿಷ ಕಾದೆ. ಯಜಮಾನರು ‘ಏನ್ ಸಾರ್, ಸರಿಯಾಗಿರೋದನ್ನ ಯಾಕೆ ಮತ್ತೆ ಕೆಡಿಸ್ತೀರಿ’ ಅಂತ ಬಾಗಿಲಲ್ಲೇ ನಿಂತಿದ್ದರು. ಪ್ಲಗ್ ಹಾಕಿ ಹುಡುಗಿಗೆ ಆನ್ ಮಾಡಲು ಹೇಳಿದೆ. ಬೆಳಗಿನ ಅದೇ ಕಪ್ಪು ಪರದೆ ಬಂತು. ಅವಳು ನನ್ನ ಮುಖ ನೋಡಿ ಎಫ್1 ಒತ್ತಿದಳು. ತಾರೀಕು 2011 ಇದ್ದರೂ ವಿಂಡೋಸ್ ಎದ್ದು ಕೂತಿತು.

30 ರೂಪಾಯಿಯ ಹೊಸ ಸೆಲ್ ಹಾಕಿ, ವರ್ಷ 2018 ಮಾಡಿ, ಕ್ಯಾಬಿನೆಟ್ ಮುಚ್ಚಿದೆ.